ಬಿಳಿ ಸೀರೆಯ ಬೆಳಕು

ಮೊನ್ನೆ ಟ್ರಂಕಿನ ಮುಚ್ಚಳ ತೆಗೆದಾಗ ಅರಿಷಿಣದ ವಾಸನೆ ಬಂತು. ಇಷ್ಟು ವರ್ಷವಾದ ಮೇಲೂ ಅದು ಹೋಗಿಲ್ಲ. ತಳದಲ್ಲಿ ನನ್ನ ಸುರಗಿಯ ಸೀರೆ ಇತ್ತು. ನಮ್ಮ ಮನೆತನದಲ್ಲಿ ಮದುವೆಯ ದಿನ ಸುರಗಿಯ ನೀರು ಹಾಕಿ ಮೀಯಿಸಿದ ಮೇಲೆ ಮದುಮಗಳು ಅಂಚಿಗೆ ಅರಿಷಿಣ ಮುಟ್ಟಿಸಿದ ಬಿಳಿ ಸೀರೆ ಉಡಬೇಕು. ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲುವಾಗ ಅದನ್ನು ಬಿಚ್ಚಿಟ್ಟು ರೇಷ್ಮೆ ಸೀರೆ ಉಡಬೇಕು. ಮಡಿಕೆಯೊಳಗೆ ಮದುವೆಯ ವಿಡಿಯೋ ಕ್ಯಾಸೆಟ್ಟು ಬೆಚ್ಚಗೆ ಮಲಗಿತ್ತು. ಅದನ್ನು ಕೈಗೆತ್ತಿಕೊಂಡದ್ದೇ ತಡ, ವಿಡಿಯೋ ಕಾಕಾ ಬಂದು ಕಣ್ಣೆದುರು ನಿಂತಂತಾಯಿತು...

ರಕ್ತಸಂಬಂಧದ ಕಾಕಾ ಅಲ್ಲ. ಬ್ಯಾಡಗಿಯಲ್ಲಿ ನಮ್ಮ ಓಣಿಯವರು. ಊರಿಗೆ ವಿಡಿಯೋ ಇನ್ನೂ ಹೊಸದಾಗಿದ್ದ ಕಾಲ. ಒಂದು ಹೆಗಲ ಮೇಲೆ ಕರುವಿನಷ್ಟು ಭಾರದ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಹ್ಯಾಲೋಜನ್ ದೀಪ. ಆ ದೀಪ ಬಂತೆಂದರೆ ಪಂಕ್ತಿಯಲ್ಲಿ ಕುಳಿತವರು ತುತ್ತನ್ನು ಬಾಯ ಹತ್ತಿರವೇ ಹಿಡಿದು ಕಣ್ಣು ಕಿವುಚುತ್ತಿದ್ದರು. ಕಾಕಾನಿಗೂ ಅದರ ಮೇಲೆ ಪ್ರೀತಿ ಇರಲಿಲ್ಲ. "ಇದನ್ನ ಹಚ್ಚಿದರ ಮಂದಿ ಕಾಣ್ತಾರ, ಮಾರಿ ಕಾಣೂದಿಲ್ಲ" ಎನ್ನುತ್ತಿದ್ದರು.

ನನ್ನ ಮದುವೆಯನ್ನು ಅವಸರದಲ್ಲಿ ಮಾಡಿದ್ದು ಅಪ್ಪನಿಗಾಗಿ. ಅಪ್ಪನ ತಲೆಯಲ್ಲಿ ಗಡ್ಡೆ ಬೆಳೆದಿತ್ತು. ಹಾವೇರಿಯ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಬೆಳಕು ಬಿದ್ದರೆ ಸಾಕು, ಅಪ್ಪ ನೋವಿನಿಂದ ಚೀರುತ್ತಿದ್ದರು. ಹಾಗಾಗಿ ನಡುಮನೆಯ ಪಕ್ಕದ ಕತ್ತಲೆ ಖೋಲಿಯಲ್ಲಿ ಮಲಗಿಸಿದ್ದೆವು. ಮಗಳ ಮದುವೆ ನೋಡಲೆಂದು ಜೀವ ಹಿಡಿದುಕೊಂಡವರನ್ನು ಹಂದರಕ್ಕೆ ಎತ್ತಿಕೊಂಡು ಬರುವ ಹಾಗೂ ಇರಲಿಲ್ಲ. ಮದುವೆಯ ಕ್ಯಾಸೆಟ್ಟಿನಲ್ಲಾದರೂ ಅಪ್ಪ ಇರಬೇಕು ಎಂದು ನಾನು ಹಟ ಹಿಡಿದೆ.

ಹಿಂದಿನ ಸಂಜೆ ಕಾಕಾ ಒಂದು ಸಲ ಪ್ರಯತ್ನಿಸಿದರು. ಬಾಗಿಲಲ್ಲಿ ದೀಪ ಹಚ್ಚಿದರೋ ಇಲ್ಲವೋ, ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಚೀರಿದರು. ಕಾಕಾ ಸ್ವಿಚ್ಚು ಹುಡುಕುತ್ತ ನಿಲ್ಲಲಿಲ್ಲ. ಉರಿಯುವ ದೀಪಕ್ಕೆ ತಮ್ಮ ಅಂಗೈಯನ್ನೇ ಅಡ್ಡ ಹಿಡಿದರು.

ಮರುದಿನ, ಮದುವೆಯ ಬೆಳಿಗ್ಗೆ, ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ದೀಪ ತಂದಿರಲಿಲ್ಲ. ಖೋಲಿಯ ಮೂಲೆಯಲ್ಲಿದ್ದ ಮೆಣಸಿನಕಾಯಿ ಚೀಲವನ್ನು ಹೊರಗೆ ಹಾಕಿಸಿದರು. ಸೀನು ಬಂದರೆ ಚಿತ್ರ ಕುಣಿಯುತ್ತದಂತೆ. ಜೋಳದ ಚೀಲವನ್ನು ಹಾಸಿಗೆಯ ಹತ್ತಿರಕ್ಕೆ ಎಳೆದು ಅದರ ಮೇಲೆ ಕ್ಯಾಮೆರಾ ಊರಿದರು. ದೂರ ನಿಂತು ಜೂಮ್ ಮಾಡಿದರೆ ಇರುವ ಬೆಳಕೂ ಸೋರಿಹೋಗುತ್ತದೆ, ಚಿತ್ರದ ತುಂಬ ಗಸಗಸೆ ಚೆಲ್ಲಿದಂತಾಗುತ್ತದೆ ಎಂದರು. ಆಮೇಲೆ ನಾನು ಉಟ್ಟಿದ್ದ ಸುರಗಿಯ ಸೀರೆಯ ಸೆರಗಿಗೆ ಕ್ಯಾಮೆರಾ ಹಿಡಿದು, "ಬಿಳಿ ಅಂದ್ರ ಇದು ಅಂತ ಮೊದಲ ಮಷೀನಿಗೆ ಕಲಿಸಬೇಕು" ಎಂದು ಏನೋ ಒತ್ತಿದರು.

ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಅಪ್ಪನ ಹಾಸಿಗೆಯ ಪಕ್ಕದ ನೆಲಕ್ಕೆ ಬಿದ್ದಿತ್ತು. ಕಾಕಾ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಸೀರೆಯನ್ನು ನೋಡಿದರು.

"ತಂಗಿ, ಆ ಬಿಸಿಲಾಗ ಕುಂದ್ರು. ಅಪ್ಪಾರ ಕಡೆ ಮಾರಿ ಮಾಡು. ಸೆರಗು ಅಗಲ ಹರವು."

ಬಾಗಿಲಲ್ಲಿ ಸೋದರತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಕ್ಕಿಕಾಳಿಗೆ ಹೊತ್ತಾತು, ಆಕಿ ಸೀರಿ ಬದಲಿ ಮಾಡಬೇಕು. ಈ ಕತ್ತಲದಾಗ ಏನ ತಗೀತಿಯೋ ತಮ್ಮಾ, ಬಾವಲೀನ?"

"ನಿಮ್ಮನ್ನಂತೂ ಅಲ್ರಿ ಅಕ್ಕಾರ. ಸೀರಿ ಈಗ ಬದಲಿ ಮಾಡಿದರ ಇದ್ದ ಬೆಳಕೂ ಹೋಗತೈತಿ. ಒಂದೀಟು ತಡೀರಿ" ಎಂದ ಕಾಕಾ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನೀ ಚಿತ್ರದಾಗ ಬರೂದಿಲ್ಲ ನೋಡು. ಇಬ್ಬರನ್ನೂ ಹಿಡಿದರ ಅಪ್ಪಾರು ಕಪ್ಪಾಗಿ ಬಿಡ್ತಾರ. ಏನ ಮಾಡ್ಲಿ?"

"ಅಪ್ಪನ್ನ ತಗೀರಿ" ಎಂದೆ.

ಸೆರಗು ಹರಡಿದೆ. ಬಿಸಿಲು ಸೀರೆಗೆ ಬಿದ್ದು, ಅಲ್ಲಿಂದ ಮೆತ್ತಗೆ ಎದ್ದು ಅಪ್ಪನ ಕಡೆ ಹೋಯಿತು. ಮೊದಲು ಗದ್ದದ ಬಿಳಿ ಕೂದಲು ಕಂಡಿತು, ಆಮೇಲೆ ಕೆನ್ನೆಯ ಎಲುಬು... ತಿಂಗಳುಗಟ್ಟಲೆ ನಾನು ಸರಿಯಾಗಿ ನೋಡದಿದ್ದ ಮುಖ. ಅಪ್ಪ ಚೀರಲಿಲ್ಲ. ನಿಧಾನವಾಗಿ ಕಣ್ಣು ತೆರೆದು ನನ್ನನ್ನು ನೋಡಿದರು.

"ಎಷ್ಟ ತಂಪೈತಿ ಬೆಳಕು, ಯವ್ವಾ..."

ನನಗೆ ಅಳು ಉಕ್ಕಿ ಬಂತು. ಮೈ ನಡುಗಿತು, ಸೀರೆ ಅಲುಗಿತು, ಅಪ್ಪನ ಮುಖದ ಮೇಲಿನ ಬೆಳಕೂ ನೀರಿನಂತೆ ಅಲುಗಿತು. ಕಾಕಾ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದರು:

"ಅಳಬ್ಯಾಡ ತಂಗಿ. ನೀ ಅತ್ತರ ಅಪ್ಪಾರ ಮಾರಿ ಮ್ಯಾಲಿನ ಬೆಳಕು ನಡಗತೈತಿ."

ಹಲ್ಲು ಕಚ್ಚಿ ಕುಳಿತೆ. ಬಿಸಿಲಿನ ತುಂಡು ಸರಿದು ಗೋಡೆ ಹತ್ತುವವರೆಗೂ ಕುಳಿತೆ. ನಾನೂ ಅಪ್ಪನೂ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು...

ರಾಣೆಬೆನ್ನೂರಿನ ಗಂಡನ ಮನೆಯಲ್ಲಿ ಹೊಸ ಕಾಲುಂಗುರ ಇನ್ನೂ ಒತ್ತುತ್ತಿದ್ದಾಗಲೇ ಸುದ್ದಿ ಬಂತು. ಅಪ್ಪ ಹೋದರು. ಕ್ಯಾಸೆಟ್ಟನ್ನು ಕಾಕಾ ತಾವೇ ಬಸ್ಸು ಹತ್ತಿ ತಂದುಕೊಟ್ಟರು. ಟಿವಿಯಲ್ಲಿ ಅಪ್ಪನ ಮುಖ ಬಂದಾಗ ಅವರು ನೋಡಲಿಲ್ಲ; ಅಂಗೈಯ ಕಲೆಯನ್ನು ಉಜ್ಜಿಕೊಳ್ಳುತ್ತ ನೆಲ ನೋಡುತ್ತಿದ್ದರು. ಆ ಕೈಯಿಂದಲೇ ನನ್ನ ತಲೆ ಸವರಿ ಹೋದರು. ಆಮೇಲೆ ವರ್ಷಗಳು ಉರುಳಿದವು, ಕ್ಯಾಸೆಟ್ಟು ಹಾಕುವ ಮಷೀನುಗಳು ಮನೆಗಳಿಂದ ಮಾಯವಾದವು. ಕಾಕಾನೂ ಹೋದರು...

ಮೊನ್ನೆ ಟ್ರಂಕಿನಲ್ಲಿ ಸಿಕ್ಕ ಆ ಕ್ಯಾಸೆಟ್ಟನ್ನು ರಾಣೆಬೆನ್ನೂರಿನ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವನು ಅದನ್ನು ತನ್ನ ಹಳೆಯ ಮಷೀನಿಗೆ ಹಾಕಿದ. ಪರದೆಯ ತುಂಬ ಬೂದಿ ಬಣ್ಣದ ಚುಕ್ಕಿಗಳು. ಮುಂದೆ ಓಡಿಸಿದ, ಹಿಂದೆ ಓಡಿಸಿದ, ತೆಗೆದು ಒರೆಸಿ ಮತ್ತೆ ಹಾಕಿದ.

"ಅಕ್ಕಾರ, ರೀಲಿಗೆ ಬೂಸ್ಟು ಹತ್ತೇತ್ರಿ. ಪಿಕ್ಚರ್ ಹೋಗೇತಿ. ಆವಾಜ್ ಅಷ್ಟ ಉಳದೈತಿ."

ಅಷ್ಟೇ ಹಾಕು ಎಂದೆ. ಹೊರಗಿನ ವಾಲಗ ಕೇಳಿಸಿತು. ಸೋದರತ್ತೆಯ ಬಾವಲಿ ಬಂತು, ಅಂಗಡಿಯವನು ನಕ್ಕ. "ಎಷ್ಟ ತಂಪೈತಿ ಬೆಳಕು, ಯವ್ವಾ..." ಕಣ್ಣು ಕೀಲಿಸಿ ನೋಡಿದೆ. ಎಲ್ಲಿಯೂ ಮುಖವಿಲ್ಲ. ಆಮೇಲೆ ಆ ಚುಕ್ಕಿಗಳ ಹಿಂದಿನಿಂದ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ, ಕಾಕಾನ ಧ್ವನಿ:

"ಅಳಬ್ಯಾಡ ತಂಗಿ..."

ನಡುಗಲು ಈಗ ಯಾವ ಬೆಳಕೂ ಇರಲಿಲ್ಲ, ಬೆಳಕು ಬೀಳಬೇಕಾದ ಮುಖವೂ ಇರಲಿಲ್ಲ. ಅಂದು ಹಲ್ಲು ಕಚ್ಚಿ ತಡೆದ ಅಳುವನ್ನು ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತು ಮುಗಿಸಿದೆ.