ಹಸನಾದ ಕಾಡು

ಹೂಶ್, ಹೂಶ್, ಹೂಶ್. ಮನೋಳಿಯಲ್ಲಿ ನಮ್ಮ ಓಣಿಯ ಕಮ್ಮಾರನ ತಿದಿ ಹೀಗೇ ಸದ್ದು ಮಾಡುತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಹಕ್ಕಿ ಕಾಣುವ ಮೊದಲೇ ಕೇಳಿಸುತ್ತಿತ್ತು. ಅಣ್ಣ ಕೈ ಎತ್ತಿ "ಶ್ಶ್" ಅನ್ನುತ್ತಿದ್ದ.

ಅತ್ತಿಗೆ ತೀರಿದ ಮೇಲೆ ಅಣ್ಣ ಮನೋಳಿಯ ಹೊಲ ಮಗನಿಗೆ ಬಿಟ್ಟು, ಖಾನಾಪುರದ ಆಚೆ, ಮಲಪ್ರಭೆ ಹುಟ್ಟುವ ಕಡೆ, ಮಳೆಕಾಡಿಗೆ ಹತ್ತಿಕೊಂಡ ಒಂದು ತುಂಡು ಜಮೀನು ಕೊಂಡ. ಊರವರು ನಕ್ಕರು. "ಹುಟ್ಟಿದಾಗಿಂದ ಈ ಹೊಳಿ ನೀರ ಕುಡದೇನಿ. ಅದರ ತವರಮನಿ ನೋಡಬಾರದೇನ?" ಅಂದ. ಕಾನ್ವೆಂಟಿನಲ್ಲಿ ಓದಿ, ಬೈಲಹೊಂಗಲದಲ್ಲಿ ಸೈನ್ಸ್ ಟೀಚರ್ ಆಗಿ ರಿಟೈರ್ ಆಗಿದ್ದ ನಾನು ಆಗಾಗ ಹೋಗಿ ಇದ್ದು ಬರುತ್ತಿದ್ದೆ.

ಅಲ್ಲೊಂದು ಅರ್ಧ ಒಣಗಿದ ಭಾರೀ ಮರ. ಅದರ ಪೊಟರೆಯಲ್ಲಿ ಪ್ರತಿ ಬೇಸಿಗೆ ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಸೇರಿಕೊಂಡು ಪೊಟರೆಯ ಬಾಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತಿತ್ತು, ಕೊಕ್ಕಿನಷ್ಟು ಸೀಳು ಬಿಟ್ಟು. ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತಿತ್ತು. ಸೋ ಜೆಂಟಲ್!

"ಗಂಡಸಾಗಿ ಬಾಣಂತನ ಮಾಡಾಕತ್ತಾನ ನೋಡ! ನಿನ್ನ ಗಂಡ ಒಂದ ದಿನರ ಚಾ ಮಾಡಿ ಕೊಟ್ಟಿದ್ನೇನ?"

"ಯೂ ಆರ್ ಟೂ ಮಚ್, ಅಣ್ಣಾ. ನೀ ಅತ್ತಿಗಿಗೆ ಮಾಡಿ ಕೊಟ್ಟಿದ್ದೇನ?"

"ಇಲ್ಲವಾ," ಅಂದ. ಆಮೇಲೆ ಅವನು ದಿನಾ ಆ ಮರದ ಕೆಳಗೆ ಹೋಗಿ ಕೂಡತೊಡಗಿದ.

ಆದರೆ ಅಣ್ಣ ಎರೆಹೊಲದ ಮನುಷ್ಯ. ನಮ್ಮ ಕಡೆ ಸುಗ್ಗಿ ಮುಗಿದರೆ ಕೂಳೆ ಆರಿಸಿ, ಕಸ ಸುಟ್ಟು, ಹೊಲ ಹಸನ ಮಾಡಬೇಕು. ಹೊಲದಲ್ಲಿ ಕಸ ಬಿಟ್ಟವನ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಅವನು ಕಾಡನ್ನೂ ಹಸನ ಮಾಡಹತ್ತಿದ. ತರಗೆಲೆ ಗುಡಿಸಿದ, ಬಿದ್ದ ದಿಮ್ಮಿ ಸುಟ್ಟ.

"ಅಣ್ಣಾ, ಪ್ಲೀಸ್. ಇದು ನಮ್ಮ ಎರಿಮಣ್ಣ ಅಲ್ಲ. ಇಲ್ಲೆ ನೆಲದಾಗ ಸತ್ವ ನಿಲ್ಲಂಗಿಲ್ಲ, ಮಳಿ ತೊಳಕೊಂಡ ಹೋಗತದ. ಎಲಿ ಕೊಳತು, ಅಣಬಿ ತಿಂದು, ಅದ ಮತ್ತ ಬೇರಿಗೆ ಹೋಗಬೇಕು. ಅದು ಕಸ ಅಲ್ಲ, ಊಟ."

"ಬಂದ್ಳಪಾ ನಮ್ಮ ಮೇಡಮ್ಮು! ಕಾನ್ವೆಂಟಿನ ಸಿಸ್ಟರ್‌ಗೋಳು ಎಷ್ಟ ಎಕರೆ ಊಳತಿದ್ರವಾ?"

ದೀಪಾವಳಿ ಮುಗಿಸಿ ಹೋದೆ. ದೂರದಿಂದಲೇ ಏನೋ ಬೇರೆ ಅನ್ನಿಸಿತು. ಎಂದೂ ಬಿಸಿಲು ಬೀಳದ ಜಾಗದಲ್ಲಿ ಬಿಸಿಲು. ಮರ ಇರಲಿಲ್ಲ.

"ಒಳಗೆಲ್ಲಾ ಪೊಳ್ಳಾಗಿತ್ತು, ಕಡಸಿದೆ. ಎಷ್ಟ ಹಸನಾತ ನೋಡ."

"ಹಕ್ಕಿ?"

"ಹೊಳಿದಂಡ್ಯಾಗ ಗೀಜಗ ವರ್ಸಾ ಹೊಸಾ ಮನಿ ಕಟ್ಟಂಗಿಲ್ಲೇನ? ಇವೂ ಮಾಡ್ಕೋತಾವು."

ಗೀಜಗ ಹುಲ್ಲಿನಿಂದ ನೇಯುತ್ತದೆ. ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ. ಯಾವುದೋ ಹಳೆಯ ಮರ ತಾನಾಗಿ ಒಳಗೊಳಗೇ ಟೊಳ್ಳಾಗುವವರೆಗೆ ಅದು ಕಾಯಬೇಕು. ಹೇಳಿದೆ. ಅಣ್ಣ ಕೊಡಲಿ ಒರಗಿಸಿದ್ದ ಮೂಲೆಯನ್ನು ನೋಡುತ್ತ ಕೂತ.

ಬೇಸಿಗೆಗೆ ಜೋಡಿ ಬಂತು. ಹೂಶ್, ಹೂಶ್. ಪಕ್ಕದ ಮರದಲ್ಲಿ ಕೂತು, ಪೊಟರೆ ಇದ್ದ ಎತ್ತರಕ್ಕೇ ಗಂಡು ಹಾರಿ, ಬರೀ ಗಾಳಿಯಲ್ಲಿ ತಡವರಿಸಿ ವಾಪಸ್ ಹೋಯಿತು. ಮತ್ತೆ ಹಾರಿತು. ಕೊಕ್ಕಿನಲ್ಲಿ ಒಂದು ಅತ್ತಿಹಣ್ಣು ಹಾಗೇ ಇತ್ತು. ಓ, ಐ ಕುಡ್ ನಾಟ್ ಬೇರ್ ಇಟ್.

"ಬಾಣಂತಿ ಮನಿ ಕೆಡವಿದ್ನಲ್ಲವಾ," ಅಂದ ಅಣ್ಣ.

ಬಡಿಗನಿಂದ ಮರದ ಪೆಟ್ಟಿಗೆ ಮಾಡಿಸಿ ಎತ್ತರದಲ್ಲಿ ಕಟ್ಟಿಸಿದ. ಹಕ್ಕಿಗಳು ಅದನ್ನು ತಿರುಗಿಯೂ ನೋಡಲಿಲ್ಲ. ಕೆಲವು ದಿನ ಬಂದು ಹೋಗಿ, ಆಮೇಲೆ ಬರುವುದನ್ನೇ ಬಿಟ್ಟವು. "ಒಮ್ಮೆ ಬಂದ್ರ ಸಾಕು" ಅನ್ನುತ್ತ, ಮೊಳಕಾಲು ಸೋಲುವವರೆಗೆ ಪ್ರತಿ ಬೇಸಿಗೆ ಅಲ್ಲೇ ಕಾದ. ಕಡೆಗೆ ಮಗ ಹೋಗಿ ಮನೋಳಿಗೆ ಕರೆತಂದ.

ಹೋದ ಶಿವರಾತ್ರಿಯ ಹೊತ್ತಿಗೆ ನೋಡಲು ಹೋದೆ. ಅಂಗಳದ ತುಂಬ ಬೇವಿನ ಎಲೆ ಪಾದ ಮುಚ್ಚುವಷ್ಟು ಬಿದ್ದಿತ್ತು. ಸೊಸೆ ಕಸಬರಿಗೆ ಹಿಡಿದು ನಿಂತಿದ್ದಳು. "ನೋಡ್ರಿ ಅತ್ತಿ, ಮಾವಾರು ಕಸಾ ಹೊಡ್ಯಾಕ ಬಿಡವಲ್ರು. ಮಂದಿ ಏನಂದಾರು?"

"ಇರಲಿ ಬಿಡವಾ," ಅಂದ ಅಣ್ಣ, ಹೊರಸಿನ ಮೇಲಿಂದ.

ಚಾ ಕುಡಿದೆ. ಬಸ್ಸಿನ ಹೊತ್ತಾಯಿತು. "ಬರತೇನಿ ಅಣ್ಣಾ" ಅಂತ ಬಾಯಿ ತೆರೆದೆ, ಅವನು ಕೈ ಎತ್ತಿ "ಶ್ಶ್" ಅಂದ. ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತು ಆಲಿಸಿದೆ. ಬೇವಿನ ಗಾಳಿ, ಅಷ್ಟೇ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವನ ಕೈ ಇನ್ನೂ ಮೇಲೆಯೇ ಇತ್ತು.