ವ್ಲಾಸ್ತಾ ಮಾತಾಡದೆ ಹೆಣೆದ ವಾನೋಚ್ಕಾ

ನಮ್ಮೂರಿನ ಅಂಚೆ ಕಚೇರಿಯಲ್ಲಿ ಒಂದು ಸ್ಟಾಂಪ್ ಕೊಳ್ಳಲು ಅರ್ಧ ಗಂಟೆ ಬೇಕು. ಸಾಲು ಉದ್ದವೆಂದಲ್ಲ, ಕಿಟಕಿಯ ಹಿಂದೆ ಕೂತವಳು ವ್ಲಾಸ್ತಾ. ನಿಮ್ಮ ಮಂಡಿನೋವು, ನಿಮ್ಮ ಭಾವಮೈದುನನ ಎರಡನೇ ಮದುವೆ ಎಲ್ಲ ವಿಚಾರಿಸಿ, ತನ್ನದನ್ನೂ ಹೇಳಿ, ಆಮೇಲೆ ಸ್ಟಾಂಪು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಇವಳ ನಾಲಿಗೆಗೆ ದಣಿವೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಪಕ್ಕದ ಮನೆಯಲ್ಲಿರುವವನ ಮಾತು ಇದು.

ಅಂಥವಳಿಗೆ ಬೇಕಾಗಿದ್ದದ್ದು ಒಂದೇ: ಕ್ರಿಸ್ಮಸ್ಸಿನ ಸಿಹಿ ಬ್ರೆಡ್ಡು ವಾನೋಚ್ಕಾ ಹೆಣೆಯುವ ಹಕ್ಕು. ಬೆಣ್ಣೆ, ಮೊಟ್ಟೆ, ರಮ್ಮಿನಲ್ಲಿ ನೆನೆದ ದ್ರಾಕ್ಷಿ ಬೆರೆತ ಹಿಟ್ಟನ್ನು ಒಂಬತ್ತು ಎಳೆ ಮಾಡಿ, ಕೆಳಗೆ ನಾಲ್ಕೆಳೆಯ ಜಡೆ, ಅದರ ಮೇಲೆ ಮೂರರದು, ನೆತ್ತಿಗೆ ಎರಡರದು ಕೂರಿಸಬೇಕು. ಕೈ ಅವಳದು ಚುರುಕೇ. ಆದರೆ ಹಳೆಯ ರೂಢಿಯೊಂದಿದೆ: ಹಿಟ್ಟು ಉಬ್ಬುವಾಗ ಮನೆಯೊಡತಿ ಎತ್ತರಕ್ಕೆ ಕುಣಿಯಬೇಕು, ಹೆಣೆಯುವಾಗ ತುಟಿ ಪಿಟಕ್ಕೆನ್ನಬಾರದು. ಮಾತಾಡಿದರೆ ಬ್ರೆಡ್ಡು ಓವನ್ನಿನಲ್ಲಿ ಬಿರಿಯುತ್ತದೆ, ಬಿರಿದರೆ ಮನೆಗೆ ಆ ವರ್ಷ ಒಳ್ಳೆಯದಲ್ಲ.

ಮದುವೆಯಾದ ವರ್ಷ ಅತ್ತೆ ಹೆದ್ವಿಕಾ ಅವಳ ಕೈಗೆ ಎಳೆ ಕೊಟ್ಟಿದ್ದರು. ಮೂರನೇ ತಿರುವಿಗೇ ಇವಳು ಪೋಸ್ಟ್‌ಮ್ಯಾನ್‌ನ ನಾಯಿಯ ಕಥೆ ಶುರುಮಾಡಿದಳು. ಬ್ರೆಡ್ಡು ಉದ್ದಕ್ಕೂ ಬಿರಿಯಿತು. ಮಾರ್ಚಿನ ಗಾಳಿಗೆ ಮನೆಯ ಹಂಚು ಹಾರಿತು. ಊರಿನ ಅರ್ಧ ಮನೆಗಳ ಹಂಚು ಹಾರಿತ್ತು, ನನ್ನದೂ ಸೇರಿ. ಹೆದ್ವಿಕಾಗೆ ಅದನ್ನು ಹೇಳುವ ಎದೆ ಯಾರಿಗಿತ್ತು? ಅಂದಿನಿಂದ ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಹೆಣೆದರು. ಸೊಸೆ ಹೊರಗೆ ಬಾದಾಮಿ ಸುಲಿಯುತ್ತ ಹರಟಿದಳು. ನಗುತ್ತಲೇ ಹರಟುತ್ತಿದ್ದಳು, ಆದರೆ ಆ ಮುಚ್ಚಿದ ಬಾಗಿಲು ಅವಳಿಗೆ ನೋಯುತ್ತಿತ್ತು.

ಹೋದ ವರ್ಷ ಹಬ್ಬಕ್ಕೆ ಐದು ದಿನವಿರುವಾಗ ಎಂಬತ್ತೊಂದರ ಹೆದ್ವಿಕಾ ಮಂಜಿನಲ್ಲಿ ಜಾರಿ ಬಲಗೈ ಮುರಿದುಕೊಂಡರು.

“ಅಂಗಡೀದೇ ತಂದ್ರಾಯ್ತು ಬಿಡಮ್ಮ,” ಅಂದ ಮಗ ಓತಾಕರ್. ಅಮ್ಮ ನೋಡಿದ ನೋಟಕ್ಕೆ ಅವನು ಹಬ್ಬದ ಮೀನು ತರುತ್ತೇನೆಂದು ಪೇಟೆಗೆ ಓಡಿದ.

“ನೀನೇ ಹೆಣಿ,” ಅಂದರು ಸೊಸೆಗೆ. “ಒಂದ್ಮಾತು ಆಚೆ ಬಂತೋ, ನಾನು ಸಾಯೋವರೆಗೂ ಈ ಹಿಟ್ಟು ಮುಟ್ಟಬೇಡ.”

“ಆಯ್ತತ್ತೆ, ಒಂದ್ಮಾತೂ ಆಡಲ್ಲ. ಆಡಲ್ಲ ಅಂದ್ರೆ ಆಡಲ್ಲ, ನೀವೇ ನೋಡ್ತಿರಿ, ನಾನು…”

“ಇದನ್ನೇ ಕಣೆ ನಾನು ಹೇಳಿದ್ದು.”

ಬಾದಾಮಿ ಸುಲಿಯಲು ನನ್ನನ್ನು ಕರೆದರು. ಬಿಳಿ ಏಪ್ರನ್ ಕಟ್ಟಿದ ವ್ಲಾಸ್ತಾ ನನ್ನ ಮನೆಯ ಗೋಡೆಗಡಿಯಾರ ಓರೆಯಾಗುವಷ್ಟು ಕುಣಿದಳು. ಆಮೇಲೆ ತುಟಿ ಬಿಗಿದು ನಾಲ್ಕೆಳೆ ಹಿಡಿದಳು. ನನಗೆ ಸುಮ್ಮನಿರಲಾಗಲಿಲ್ಲ.

“ಪೋಸ್ಟ್‌ಮ್ಯಾನ್‌ಗೆ ಮದುವೆ ನಿಶ್ಚಯ ಆಯ್ತಂತೆ. ಹುಡುಗಿ ಯಾರು ಅಂತ ನಿಂಗೆ ಗೊತ್ತಿರಬೇಕಲ್ಲ?”

ಅವಳ ಕಿವಿ ಕೆಂಪಾಯಿತು. ಮೇಜಿನಡಿ ನನ್ನ ಮೊಣಕಾಲಿಗೊಂದು ಒದೆ ಬಿತ್ತು, ಮಾತು ಬೀಳಲಿಲ್ಲ.

“ಬೊಹುಮಿಲ್, ಬಾಯ್ಮುಚ್ಕೊಂಡು ಬಾದಾಮಿ ಸುಲಿ,” ಎಂದು ಹೆದ್ವಿಕಾ ಗದರಿದರು.

ಮೊದಲ ಜಡೆ ಆಯಿತು, ಎರಡನೆಯದು ಕೂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಹೆದ್ವಿಕಾ ಕುರ್ಚಿಯಲ್ಲಿ ಅತ್ತಿತ್ತ ಸರಿದಾಡತೊಡಗಿದರು.

“ಹಿಂಗೆ ಸುಮ್ನಿದ್ರೆ ಯಾರೋ ಸತ್ತ ಮನೆ ಇದ್ದಂಗಿದೆ,” ಅಂದರು. ಹೆಣೆಯುವವಳಿಗಷ್ಟೇ ಅಲ್ಲವೇ ಮೌನ? ಅವರೇ ಮುಂದುವರಿಸಿದರು. “ನಿಮ್ಮಾವ ತೀರ್ಕೊಂಡ ವರ್ಷ ಇಲ್ಲಿ ಒಬ್ಳೇ ನಿಂತಿದ್ದೆ. ಎಳೆ ಕೈಲಿ ನಿಲ್ತಾನೇ ಇರ್ಲಿಲ್ಲ. ನೀನು ಆಚೆ ಕೂತು ಯಾರ್ದೋ ಪಾರ್ಸಲ್ಲಲ್ಲಿ ಚೀಸ್ ಕೊಳೆತಿದ್ದು ಹೇಳ್ತಿದ್ದೆ. ಅದನ್ನ ಕೇಳ್ಕೊಂಡೇ ಮುಗಿಸ್ದೆ. ಹಂಚು ಎಲ್ಲರ್ದೂ ಹಾರಿತ್ತು, ನಂಗೆ ಗೊತ್ತಿಲ್ವಾ? ನಿಂಗೆ ಹೆಣೆಯೋಕೆ ಕೊಟ್ಟಿದ್ರೆ, ಆಚೆಯಿಂದ ನಂಗೆ ಮಾತು ಕೇಳಿಸೋರು ಯಾರಿದ್ರು?”

ವ್ಲಾಸ್ತಾಳ ಕೈಯಲ್ಲಿ ಕೊನೆಯ ಎರಡು ಎಳೆ. ಅವಳ ಬಾಯಿ ತೆರೆಯಿತು. ಹೆದ್ವಿಕಾ ಎದ್ದು ಎಡಗೈಯನ್ನು ಅವಳ ಬಾಯಿಯ ಮೇಲಿಟ್ಟರು.

“ಮೊದ್ಲು ಮುಗಿಸು.”

ಕಣ್ಣೀರು ಗಲ್ಲದವರೆಗೆ ಇಳಿಯುತ್ತಿರಲು ಅವಳು ಎರಡೆಳೆ ತಿರುವಿ ನೆತ್ತಿಗೆ ಕೂರಿಸಿದಳು, ಜಾರದಂತೆ ಮೂರು ಕಡ್ಡಿ ಚುಚ್ಚಿದಳು. ನನ್ನ ಕಣ್ಣಿಗೆ ಬಾದಾಮಿ ಸಿಪ್ಪೆ ಬಿತ್ತೆಂದೆ, ಯಾರೂ ನಂಬಲಿಲ್ಲ.

ಒಂದು ಗಂಟೆಯ ನಂತರ ಬ್ರೆಡ್ಡು ಹೊಂಬಣ್ಣವಾಗಿ, ನೆಟ್ಟಗೆ, ಒಂದು ಬಿರುಕೂ ಇಲ್ಲದೆ ಓವನ್ನಿನಿಂದ ಹೊರಗೆ ಬಂತು.

“ಈಗ ಮಾತಾಡು,” ಅಂದರು ಹೆದ್ವಿಕಾ.

ಒಂದು ಸ್ಟಾಂಪಿಗೆ ಅರ್ಧ ಗಂಟೆ ಮಾತಾಡುವವಳ ಬಾಯಿಂದ “ಅತ್ತೆ” ಎಂಬುದರಾಚೆ ಏನೂ ಹೊರಡಲಿಲ್ಲ. ಮುದುಕಿಯನ್ನು ಬಿಗಿದಪ್ಪಿ ನಿಂತಳು.

“ಸಾಕು ಬಿಡೆ, ಕೈ ನೋಯತ್ತೆ. ಮುಂದಿನ ವರ್ಷಾನೂ ನೀನೇ ಹೆಣಿ. ನಾನು ಹೇಳೋದು ಇನ್ನೂ ಬೇಕಾದಷ್ಟಿದೆ.”

ಪ್ಲಾಸ್ಟರ್ ಬಿಚ್ಚಿ ಎಷ್ಟೋ ತಿಂಗಳಾಯಿತು, ಹೆದ್ವಿಕಾರ ಕೈ ಈಗ ಚೆನ್ನಾಗಿಯೇ ಇದೆ. ಆದರೂ ಈ ಸಲ ಹೆಣೆದವಳು ವ್ಲಾಸ್ತಾ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಒಂಬತ್ತೂ ಎಳೆ ಮುಗಿಯುವ ತನಕ ಮಾತಾಡಿದರು.