ಟ್ಯಾಂಕಿನ ಅಡಿಯ ಗುಳಿ

ನಮ್ಮ ತಂದೆ ಸತ್ತ ಮೇಲೆ ನನ್ನ ಅಣ್ಣ ಅವರ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ರಾತ್ರಿ ಹೊತ್ತು ಕದ್ದು ಬಿಚ್ಚಿದ ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಮೊನ್ನೆ ಒಂದು ಮದುವೆಯ ಊಟದಲ್ಲಿ, ನಾನು ಯಾರೆಂದು ತಿಳಿಯದ ಒಬ್ಬ ಹೆಂಗಸು ನನ್ನ ಎಲೆಯ ಪಕ್ಕದಲ್ಲೇ ಕೂತು ಈ ಕಥೆಯನ್ನು ನಗುನಗುತ್ತ ಹೇಳಿದಳು. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟು ಎದ್ದೆ. ಸಿಟ್ಟಿನಲ್ಲಿ ಹೇಳಿದರೆ ಮಾತು ಹೆಚ್ಚು ಕಡಿಮೆಯಾಗುತ್ತದೆ. ಅದಕ್ಕೆ ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಕಂಡದ್ದನ್ನು ಕಂಡೆನೆಂದು, ಬರೇ ಕೇಳಿದ್ದನ್ನು ಕೇಳಿದೆನೆಂದು ಬರೆಯುತ್ತೇನೆ. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ ನಡೆದದ್ದು. ಅದನ್ನು ಕನ್ನಡಕ್ಕೆ ತಂದದ್ದು ಮಾತ್ರ ನನ್ನದು.

ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಸಂಗತಿ. ನಾವಿದ್ದದ್ದು ಪಡೀಲಿನಲ್ಲಿ, ಅಮ್ಮನ ಕಡೆಯಿಂದ ಬಂದ ಮನೆಯಲ್ಲಿ. ತಂದೆ ಹಂಚಿನ ಕಾರ್ಖಾನೆಗಳಿಗೆ ಹೊಳೆಬದಿಯ ಆವೆಮಣ್ಣು ಒದಗಿಸುವ ಗುತ್ತಿಗೆ ಮಾಡುತ್ತಿದ್ದರು. ಅಣ್ಣ ಅಂಥದೇ ಒಂದು ಕಾರ್ಖಾನೆಯ ಯಂತ್ರದ ಶೆಡ್ಡಿನಲ್ಲಿ ಫಿಟ್ಟರ್. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ವಿಲಾಯತಿಗೆ ಹೊರಟಾಗ ಮಾರಿದ ಮೋಟಾರ್‌ಸೈಕಲ್ಲನ್ನು ತಂದೆ ಕೊಂಡಿದ್ದರು. ಟ್ಯಾಂಕ್ ಕಡುಹಸಿರು, ಅದರ ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಚಿನ್ನದ ಬಣ್ಣದ ಗೆರೆ. ಪ್ರತಿ ಭಾನುವಾರ ತಂದೆ ಸೀಮೆಸುಣ್ಣದ ಪುಡಿ ಹಾಕಿ ಹ್ಯಾಂಡಲ್ಲನ್ನು ಉಜ್ಜುತ್ತಿದ್ದರು. ಆ ಗೆರೆಯ ಮೇಲೆ ಬೇರೆ ಯಾರ ಬೆರಳೂ ಬೀಳುವ ಹಾಗಿರಲಿಲ್ಲ.

ಅಮ್ಮನ ಬಲಪಾದದಲ್ಲಿ ಮಾಯದ ಹುಣ್ಣೊಂದು ಆಯಿತು. ಕಂಕನಾಡಿ ಗುಡ್ಡದ ಮೇಲಿನ ಆಸ್ಪತ್ರೆಗೆ ದಿನ ಬಿಟ್ಟು ದಿನ ಹೋಗಿ ತೊಳೆಸಿ ಕಟ್ಟಿಸಿಕೊಳ್ಳಬೇಕು, ತಪ್ಪಿದರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರು ಹಾಗೆ ಹೇಳುವಾಗ ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಎತ್ತಿನ ಗಾಡಿಯಲ್ಲಿ ಹೋದರೆ ಕುಲುಕಾಟಕ್ಕೆ ಹುಣ್ಣು ಮತ್ತೆ ಬಿರಿಯುತ್ತಿತ್ತು. ಬಂಟ್ವಾಳದ ಕಡೆಯಿಂದ ಬರುವ ಬಸ್ಸಿತ್ತು. ಆದರೆ ಒಮ್ಮೆ ಹುಣ್ಣಿನ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ಬಸ್ಸಿನವನು, “ಅಮ್ಮಾ, ನೀವು ಇಲ್ಲಿಯೇ ಇಳಿದರೆ ಒಳ್ಳೆಯದಿತ್ತು” ಎಂದ. ಅಮ್ಮ ಇಳಿದಳು. ಆಮೇಲೆ ಬಸ್ಸು ಹತ್ತಲಿಲ್ಲ.

ಅಣ್ಣ ಹಲಸಿನ ಹಲಗೆ ಮತ್ತು ಬೆತ್ತದಿಂದ ಅಮ್ಮ ಕಾಲು ಚಾಚಿ ಕೂರುವಂಥ ಒಂದು ಸೈಡ್‌ಕಾರ್ ಮಾಡಿ ಮೋಟಾರ್‌ಸೈಕಲ್ಲಿಗೆ ಜೋಡಿಸಿದ. ಅದು ಚಂದ ಇರಲಿಲ್ಲ. ತಂದೆ ಅದರತ್ತ ನೋಡದೆಯೇ ಗಾಡಿ ಹತ್ತುತ್ತಿದ್ದರು. ತೊಂದರೆ ಬೇರೆಯದೇ ಇತ್ತು. ಈಗ ಪಂಪ್‌ವೆಲ್ ಎನ್ನುವ ಜಾಗ ದಾಟಿ ಕಂಕನಾಡಿಯ ಏರು ಶುರುವಾದರೆ ಎಂಜಿನ್ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಕೋಟು ಹಾಕಿದ ತಂದೆ ನಡುರಸ್ತೆಯಲ್ಲಿ ಇಳಿದು ತಳ್ಳಬೇಕು. ಅವರಿಗೆ ತಳ್ಳುವ ಕಷ್ಟಕ್ಕಿಂತ ತಳ್ಳುವುದನ್ನು ಜನ ನೋಡುವ ಕಷ್ಟ ದೊಡ್ಡದಾಗಿತ್ತು.

ಆಗ ಅಣ್ಣ ಬಂದರಿನ ಗುಜರಿಯವನ ಹತ್ತಿರ ಒಂದು ಸಿಲಿಂಡರ್ ಹುಡುಕಿ ತಂದ. ಅದೇ ಕಂಪೆನಿಯ ದೊಡ್ಡ ಎಂಜಿನ್ನಿನದ್ದು. ಅದರ ಗಾಡಿ ಘಟ್ಟದಲ್ಲಿ ಉರುಳಿ ಬಿದ್ದು ನುಜ್ಜುಗುಜ್ಜಾಗಿತ್ತು, ಸಿಲಿಂಡರ್ ಮತ್ತು ಪಿಸ್ಟನ್ ಮಾತ್ರ ಉಳಿದಿದ್ದವು. ಕಂಪೆನಿ ಎರಡು ಎಂಜಿನ್ನಿಗೂ ಸಿಲಿಂಡರ್ ಕೂರುವ ಅಡಿಯ ಗೂಡನ್ನು ಒಂದೇ ಮಾಡಿತ್ತು. ಆದ್ದರಿಂದ ಹಳೆಯದನ್ನು ತೆಗೆದು ಇದನ್ನು ಕೂರಿಸಬಹುದಿತ್ತು. ಆದರೆ ಇದು ಹಳೆಯದಕ್ಕಿಂತ ಎತ್ತರ, ತಲೆ ಟ್ಯಾಂಕಿಗೆ ತಾಗುತ್ತಿತ್ತು.

“ಟ್ಯಾಂಕಿನ ಅಡಿಗೆ ಮರದ ತುಂಡು ಇಟ್ಟು ಸ್ವಲ್ಪ ಎತ್ತಿದರೆ ಆಯಿತು ಅಪ್ಪ” ಎಂದ ಅಣ್ಣ.

“ಎತ್ತುವುದಾ? ಒಂಟೆಯ ಹಾಗೆ ಕಾಣಲಿಕ್ಕಾ?”

“ಹಾಗಾದರೆ ಎಂತ ಮಾಡುವುದು? ಏರಿನಲ್ಲಿ ದಿನಾ ತಳ್ಳುತ್ತೀರಾ?”

“ಒಳಗೆ ನೀನು ಎಂತ ಬೇಕಾದರೂ ಮಾಡು ಮಾರಾಯ. ಹೊರಗೆ ಒಂದು ಗೆರೆ ಬದಲಾಗಬಾರದು. ನೋಡಿದವರಿಗೆ ಗೊತ್ತಾಗಬಾರದು.”

ಒಳಗಿನಿಂದ ಅಮ್ಮನ ದನಿ ಕೇಳಿತು: “ಹೌದು ಮಗಾ, ನನ್ನ ಕಾಲು ಹೋದರೂ ಅಡ್ಡಿಯಿಲ್ಲ. ಅವರ ಗೆರೆಯೊಂದು ಉಳಿಯಲಿ!”

ತಂದೆಯೂ ನಕ್ಕರು. ಆದರೆ ಷರತ್ತು ಸಡಿಲಿಸಲಿಲ್ಲ.

ಅಣ್ಣ ಕೊನೆಗೆ ಮಾಡಿದ್ದು ಇಷ್ಟು. ಟ್ಯಾಂಕನ್ನು ಕಳಚಿ, ಪೆಟ್ರೋಲ್ ಖಾಲಿ ಮಾಡಿ, ಕುದಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಬಿಸಿಲಿಗೆ ಒಣಗಿಸಿದ. ಪರಿಚಯದ ತಾಮ್ರದ ಕೆಲಸದವನನ್ನು ಕರೆಸಿ, ಅದರ ಅಡಿಭಾಗದಲ್ಲಿ ಮಾತ್ರ, ಬಟ್ಟಲಿನಷ್ಟು ಒಂದು ಗುಳಿ ಮಾಡಿಸಿದ. ಬೆಂಕಿಯ ಕಾವಿಗೆ ಚಿನ್ನದ ಗೆರೆ ಸುಡಬಾರದೆಂದು ಮೇಲೆಲ್ಲ ತಂದೆಯದೇ ಆವೆಮಣ್ಣನ್ನು ಹಸಿಯಾಗಿ ಮೆತ್ತಿದ್ದರು. ಟ್ಯಾಂಕಿಗೆ ಪೆಟ್ರೋಲ್ ಸ್ವಲ್ಪ ಕಡಿಮೆ ಹಿಡಿಯುವಂತಾಯಿತು, ಅಷ್ಟೆ. ಸಿಲಿಂಡರಿನ ತಲೆ ಆ ಗುಳಿಯೊಳಗೆ ಹೋಗಿ ಕೂತಿತು. ಗಾಳಿಗೆ ತಣಿಯಲೆಂದು ಅದರ ಸುತ್ತ ಇರುವ ಪದರಗಳು ಹಳೆಯದಕ್ಕಿಂತ ಅಗಲವಾಗಿದ್ದವು. ಅವನ್ನು ಅರದಿಂದ ಉಜ್ಜಿ ಸಣ್ಣದು ಮಾಡು ಎಂದು ತಂದೆ ಹೇಳಿದರು. ಅದೊಂದಕ್ಕೆ ಮಾತ್ರ ಅಣ್ಣ ಒಪ್ಪಲಿಲ್ಲ. “ಉಜ್ಜಿದರೆ ಏರಿನ ಅರ್ಧದಲ್ಲಿ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೇಕಾದರೆ ಕಪ್ಪು ಬಣ್ಣ ಹಚ್ಚಿಕೊಡ್ತೇನೆ, ನೆರಳಿನಲ್ಲಿ ಕಾಣುವುದಿಲ್ಲ” ಎಂದ. ಹಾಗೆಯೇ ಮಾಡಿದ.

ಗಾಡಿ ನಿಲ್ಲದೆ ಗುಡ್ಡ ಹತ್ತಿತು. ದನಿ ಮಾತ್ರ ಸ್ವಲ್ಪ ದಪ್ಪಗಾಯಿತು. ತಂದೆಗೆ ಆ ದನಿಯೂ ಹಿಡಿಸಿತು. ಅಮ್ಮನ ಹುಣ್ಣಿನ ಅಂಚು ಕೆಂಪು ತಿರುಗಿ ಮಾಯತೊಡಗಿತು; ಮನೆಯಲ್ಲಿ ಅದನ್ನು ತೊಳೆಯುತ್ತಿದ್ದವಳು ನಾನು, ಆದ್ದರಿಂದ ನನಗೆ ಗೊತ್ತು. ಹೊಳೆಯಾಚೆ ತೊಕ್ಕೊಟ್ಟಿನ ಹತ್ತಿರ ತಂದೆಯ ಕುಟುಂಬದ ಮನೆ. ಅಲ್ಲಿಗೆ ಹೋದಾಗಲೆಲ್ಲ ತಂದೆ, “ಒಂದು ಸ್ಕ್ರೂ ಸಹ ಬದಲಾಯಿಸಿಲ್ಲ. ಕಂಪೆನಿಯದ್ದೇ ಹಾಗೆ ಉಂಟು” ಎಂದು ಹೇಳಿಕೊಳ್ಳುತ್ತಿದ್ದರು. ಮಗನ ಕೆಲಸ ಎಂದು ಒಂದು ಸಲವೂ ಹೇಳಲಿಲ್ಲ. ಅಣ್ಣನಿಗೆ ಅದು ಬೇಸರವಾಗಿರಲಿಲ್ಲ. ಕಾಣದ ಹಾಗೆ ಮಾಡಿದ್ದೇ ತನ್ನ ಕೆಲಸದ ಹೆಚ್ಚುಗಾರಿಕೆ ಎಂದು ಅವನು ತಿಳಿದಿದ್ದ.

ಆ ವರ್ಷದ ಮಳೆಗಾಲದ ಕೊನೆಗೆ ಜ್ವರ ಬಂದು ತಂದೆ ತೀರಿಹೋದರು.

ನಮ್ಮದು ಅಳಿಯಕಟ್ಟು. ತಂದೆಯದ್ದು ಮಕ್ಕಳಿಗಲ್ಲ, ತಂದೆಯ ಅಕ್ಕತಂಗಿಯರ ಮಕ್ಕಳಿಗೆ. ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಎಲೆ ತೆಗೆಯುವ ಮೊದಲೇ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ. ತಂದೆಯ ಅಕ್ಕನ ಮಗ, ನಮಗೆ ಭಾವ, ಜಗಲಿಯಲ್ಲಿ ನಿಲ್ಲಿಸಿದ್ದ ಗಾಡಿಯ ಸುತ್ತ ಒಂದು ಸುತ್ತು ಬಂದು ಆ ಚಿನ್ನದ ಗೆರೆಯ ಮೇಲೆ ಬೆರಳು ಎಳೆದ.

“ಮಾವನ ಗಾಡಿ ಇನ್ನು ನಮ್ಮ ಮನೆಗೆ ಬರಬೇಕಲ್ಲ, ಮಾಮಿ.”

ಅಣ್ಣ ಅವರ ಕುಟುಂಬದ ಹಿರಿಯ ಅಜ್ಜನ ಕಡೆಗೆ ತಿರುಗಿ, “ಅಜ್ಜ, ಅಮ್ಮನ ಪಾದ ಮಾಯುವವರೆಗಾದರೂ ಇಲ್ಲಿ ಇರಲಿ” ಎಂದು ಕೇಳಿದ.

“ಕಟ್ಟು ಕಟ್ಟೇ ಮಗಾ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ” ಎಂದರು ಅಜ್ಜ. ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸುವುದು.

ಭಾವ ಸೈಡ್‌ಕಾರನ್ನು ಕಾಲಿನಿಂದ ಮುಟ್ಟಿದ. “ಇದು ನನಗೆ ಬೇಡ. ಹೆಣದ ಪೆಟ್ಟಿಗೆಯ ಹಾಗೆ ಉಂಟು. ಮಾಮಿಗೇ ಇರಲಿ.” ಕೂತಿದ್ದ ಕೆಲವರು, ಎಂಥ ದೊಡ್ಡ ಮನಸ್ಸು ಎಂಬಂತೆ ತಲೆಯಾಡಿಸಿದರು. ಎಳೆಯುವ ಗಾಡಿಯನ್ನು ಒಯ್ದು ಕೂರುವ ಪೆಟ್ಟಿಗೆಯನ್ನು ದಾನ ಮಾಡಿದ್ದಕ್ಕೆ!

ಅವರು ಹೋದ ಮೇಲೆ ನಾನು ಬಾಯಿಗೆ ಬಂದದ್ದು ಅಂದೆ. ಅಮ್ಮ ನನ್ನನ್ನೇ ಗದರಿದಳು. “ಸುಮ್ಮನಿರು. ನಾಳೆ ನನ್ನ ತಮ್ಮನದ್ದು, ನಿನ್ನ ಮಾವನದ್ದು, ನಿನ್ನ ಅಣ್ಣನಿಗೆ ಬರುವುದಿಲ್ಲವಾ? ಆಗ ನಿನ್ನ ಅತ್ತೆ ಅಳುವುದಿಲ್ಲವಾ?”

ಭಾವ ಗಾಡಿ ಒಯ್ಯಲು ಬರುತ್ತೇನೆಂದದ್ದು ಸೋಮವಾರ. ಭಾನುವಾರ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಂದ ಮೇಲೆ, ಅಣ್ಣ ಅಂಗಳದ ನಡುವೆ ಗೋಣಿ ಹಾಸಿ ತನ್ನ ಸಿಲಿಂಡರನ್ನೂ ಪಿಸ್ಟನ್ನನ್ನೂ ಬಿಚ್ಚಿ ತೆಗೆದ. ತಂದೆ ಗಾಡಿ ಕೊಂಡಾಗ ಇದ್ದವನ್ನೇ ಮತ್ತೆ ಹಾಕಿದ. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಬೇಲಿಯಾಚೆಯಿಂದ ನೆರೆಯವರು, “ಎಂತ ಬಿಚ್ಚುವುದು?” ಎಂದು ಕೇಳಿದರು. “ನನ್ನದನ್ನು ತೆಗೆದು ಅಪ್ಪನದ್ದನ್ನು ಹಾಕ್ತಾ ಇದ್ದೇನೆ” ಎಂದ ಅಣ್ಣ. ಇದೇ ಅವನ ಮಾತು. ರಾತ್ರಿಯಲ್ಲ, ಕಳವಲ್ಲ. ಹಗಲಿನಲ್ಲಿ, ಕೇಳಿದವರಿಗೆ ಉತ್ತರ ಕೊಟ್ಟು ಮಾಡಿದ ಕೆಲಸ.

ಸೋಮವಾರ ಭಾವ ಬಂದು ಗಾಡಿ ಒಯ್ದ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನಲ್ಲಿ ಅದನ್ನು ಹೊಳೆ ದಾಟಿಸಿದರಂತೆ. ಅದನ್ನು ನಾನು ನೋಡಿಲ್ಲ. ಹೊರಗಿನಿಂದ ಅದು ಹೇಗಿತ್ತೋ ಹಾಗೆಯೇ ಇತ್ತು. ಅವನು ಬಯಸಿದ್ದು ಕಣ್ಣಿಗೆ ಕಂಡದ್ದನ್ನು, ಅವನಿಗೆ ಸಿಕ್ಕಿದ್ದೂ ಅದೇ.

ಅಮ್ಮ ಮತ್ತೆ ಎತ್ತಿನ ಗಾಡಿ ಹತ್ತಿದಳು. ಎತ್ತು ಸಿಕ್ಕದ ದಿನ ಹೋಗಲಿಲ್ಲ, ಮಳೆ ಹೊಯ್ದ ದಿನ ಹೋಗಲಿಲ್ಲ. ಹುಣ್ಣು ಮತ್ತೆ ಕಪ್ಪಾಗುವುದನ್ನು ನಾನು ದಿನವೂ ನೋಡಿದೆ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಪಾದದ ಬಗ್ಗೆ ಈಗಲೇ ಏನೂ ಹೇಳುವಂತಿಲ್ಲ ಎಂದರು ಡಾಕ್ಟರು.

ಅಮ್ಮ ಆಸ್ಪತ್ರೆಯಿಂದ ಬಂದು ಮಲಗಿದ್ದಾಗಲೇ ಒಂದು ಮಧ್ಯಾಹ್ನ ಭಾವ ಅಜ್ಜನನ್ನು ಹಿಂದೆ ಕೂರಿಸಿಕೊಂಡು ಬಂದ. ನಾನು ಬೆಲ್ಲ ನೀರು ತಂದಿಟ್ಟೆ. ಅವನು ಮುಟ್ಟಲಿಲ್ಲ.

“ಕಳ್ಳತನ ಮಾಡಿದ್ದೀ ನೀನು” ಎಂದ ಅಣ್ಣನಿಗೆ. “ಮಾವ ಇರುವಾಗ ಮೂವರನ್ನು ಎಳೆಯುತ್ತಿದ್ದ ಗಾಡಿ. ಈಗ ಈ ಅಜ್ಜ ಒಬ್ಬರು ಕೂತರೆ ಮುದಿ ಕೋಣದ ಹಾಗೆ ಕೆಮ್ಮುತ್ತದೆ.” ಆಮೇಲೆ ಅಜ್ಜನ ಕೈ ಹಿಡಿದೊಯ್ದು ಟ್ಯಾಂಕಿನ ಅಡಿಗೆ ಇಡಿಸಿದ. “ಮುಟ್ಟಿ ನೋಡಿ. ಇಲ್ಲಿ ಗುಳಿ ಉಂಟು. ಅದರಲ್ಲಿ ಎಂತದೋ ಇತ್ತು. ಈಗ ಇಲ್ಲ.”

ಅಜ್ಜ ಬಹಳ ಹೊತ್ತು ಗುಳಿಯನ್ನು ತಡವಿ ನೋಡಿ, “ಎಂತ ಇತ್ತು ಮಗಾ?” ಎಂದು ಕೇಳಿದರು.

“ನಾನು ತಂದು ಕೂರಿಸಿದ ಸಿಲಿಂಡರ್ ಇತ್ತು ಅಜ್ಜ. ಅಮ್ಮನಿಗಾಗಿ. ಅಪ್ಪನ ಗಾಡಿ ಅಪ್ಪ ಕೊಂಡಾಗ ಹೇಗಿತ್ತೋ ಹಾಗೆ ನಿಮಗೆ ಕೊಟ್ಟಿದ್ದೇನೆ. ಒಂದು ಸ್ಕ್ರೂ ಬದಲಾಗಿಲ್ಲ ಎಂದು ಅಪ್ಪ ನಿಮ್ಮ ಚಾವಡಿಯಲ್ಲೇ ಹೇಳಿದ್ದು ನೀವೇ ಕೇಳಿದ್ದೀರಿ.”

“ಕೇಳಿದ್ದೇನೆ” ಎಂದರು ಅಜ್ಜ. “ಆದರೆ ಅವನು ಬದುಕಿರುವಾಗಲೇ ಅದು ಗಾಡಿಗೆ ಸೇರಿದ್ದಲ್ಲವಾ? ಸೇರಿದ ಮೇಲೆ ಅದೂ ಕುಟುಂಬದ್ದೇ” ಎಂದರು.

ಸಿಲಿಂಡರ್ ಎಣ್ಣೆಬಟ್ಟೆ ಸುತ್ತಿ ಅಮ್ಮನ ಮಂಚದ ಅಡಿಯಲ್ಲಿತ್ತು. ಜಗಲಿಗೆ ಬಾಗಿಲಿದ್ದ ಆ ಕೋಣೆಯಲ್ಲಿ ಅಮ್ಮ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಟ್ಟಳೆಯ ವಿರುದ್ಧ ಒಂದು ಮಾತು ಆಡದ ಹೆಂಗಸು. ಅವಳು ಎದ್ದು ಕೂತು, ಆ ಗಂಟನ್ನು ಎಳೆದು ಬಾಗಿಲ ಕಡೆ ನೂಕಿದಳು. ಆಮೇಲೆ ಕಟ್ಟು ಹಾಕಿದ ಬಲಗಾಲನ್ನು ಎರಡು ಕೈಯಿಂದ ಎತ್ತಿ ಮಂಚದ ಅಂಚಿನಾಚೆ ಚಾಚಿದಳು.

“ಒಯ್ಯಿರಿ. ಇದನ್ನೂ ಒಯ್ಯಿರಿ. ಇದೂ ಅವರು ಬದುಕಿರುವಾಗಲೇ ಸೇರಿದ್ದು.”

ಭಾವನ ಕಣ್ಣು ಆ ಕಟ್ಟಿನ ಮೇಲೆ, ಬೆರಳು ಇರಬೇಕಾದ ಜಾಗದ ಮೇಲೆ ನಿಂತಿತು. ಅಜ್ಜ ಹೆಗಲ ಬಟ್ಟೆಯನ್ನು ತೆಗೆದು ಮುಖ ಒರೆಸಿಕೊಂಡರು. “ನಡಿ” ಎಂದರು ಅವನಿಗೆ. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ಕಳ್ಳ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೇಳಲಿಲ್ಲ. ಆ ಮಾತು ಅವರೊಡನೆ ಹೊಳೆ ದಾಟಿ, ಮನೆಯಿಂದ ಮನೆಗೆ ಹೋಗಿ, ರಾತ್ರಿಯನ್ನೂ ಸೇರಿಸಿಕೊಂಡು ನನ್ನ ಊಟದ ಎಲೆಯವರೆಗೆ ಬಂದಿದೆ.

ದೀಪಾವಳಿ ಕಳೆದ ಮೇಲೆ ಅಣ್ಣನಿಗೆ ಅದೇ ಗುಜರಿಯಲ್ಲಿ ಅಡಿಯ ಗೂಡು ಸಮೇತ ಒಂದು ಚೌಕಟ್ಟು ಸಿಕ್ಕಿತು. ತುಕ್ಕು ಹಿಡಿದಿತ್ತು. ಅವರು ಒಯ್ಯದೆ ಬಿಟ್ಟುಹೋದ ಸಿಲಿಂಡರನ್ನು ಅಣ್ಣ ಅದಕ್ಕೆ ಕೂರಿಸಿದ. ಟ್ಯಾಂಕ್ ಇರಲಿಲ್ಲ, ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ಅಣ್ಣನೇ ಒಂದನ್ನು ಬೆಸೆದ. ಅದಕ್ಕೆ ಬಣ್ಣವಿಲ್ಲ, ಗೆರೆಯಿಲ್ಲ. ಸೈಡ್‌ಕಾರ್ ಹೇಗೂ ಇತ್ತು. ಮೊದಲ ದಿನ ಸೈಡ್‌ಕಾರ್ ಎಗರದಿರಲೆಂದು ತೂಕಕ್ಕೆ ಅಮ್ಮನ ಹಿಂದೆ ನನ್ನನ್ನೂ ಕೂರಿಸಿಕೊಂಡ. ಏರು ಶುರುವಾಗುವಲ್ಲಿ ಒಂದು ಚಾದಂಗಡಿ. ಅಲ್ಲಿ ಕೂತವರು ಎದ್ದು ನಿಂತು ನೋಡಿದರು.

“ಓಹೋ, ಎಂತ ಮಾರಾಯ ಇದು? ಡಬ್ಬಿಗೆ ಕಾಲು ಬಂತಾ?” ಎಂದೊಬ್ಬ ಕೂಗಿದ. ನಗು ಎದ್ದಿತು.

ಅಣ್ಣನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಅವನ ಕೈ ಸಡಿಲವಾಯಿತೋ ಏನೋ, ಗಾಡಿಯ ವೇಗ ಇಳಿಯಿತು. ಅಮ್ಮ ಕೊಡೆಯ ತುದಿಯಿಂದ ಅವನ ಮೊಣಕಾಲಿಗೆ ತಿವಿದಳು.

“ಅವರು ನೋಡಲಿ. ನೀನು ಎಂತಕ್ಕೆ ನಿಧಾನ ಮಾಡುವುದು? ಹತ್ತಿಸು.”

ಅವನು ಹತ್ತಿಸಿದ. ಅಮ್ಮನ ಪಾದ ಉಳಿಯಿತು, ಮೂರು ಬೆರಳಿನದ್ದು.